ರಟ್ಟಿನ ರಾಕೆಟ್ ನೆಟ್ಟಗೆ ಹಾರಬೇಕೆಂದರೆ

ಪ್ರಶ್ನೆ: ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯವರು. ದೊಡ್ಡಾಂವ ಆರನೇತ್ತಾ, ಸಣ್ಣಾಕಿಗೆ ಐದು ವರ್ಷ. ಸೂಟಿ ಬಿಟ್ಟಾಗಿಂದ ಇಬ್ಬರಿಗೂ ರಾಕೆಟ್ಟಿನ ಹುಚ್ಚು ಹಿಡದೈತಿ. ಹೊಸಾ ಫ್ರಿಜ್ ಬಂದ ರಟ್ಟಿನ ಬಾಕ್ಸಿನಾಗ ಸಣ್ಣಾಕಿಗೆ ಒಳಗ ಕುಂಡ್ರಾಕ ಬರೂವಂಥಾ ರಾಕೆಟ್ ಮಾಡಿ ಹಿತ್ತಲದಾಗ ಇಟ್ಟಿದ್ವಿ. ಒಂದ ರಾತ್ರಿ ಹನಿ ಮಳಿ ಬಂತು, ಮುಂಜಾನೆ ನೋಡಿದ್ರ ಸೊಂಟ ಮುರದಂಗ ಕುಸದ ಬಿದ್ದಿತ್ತು. ಉಳಿದ ರಟ್ಟಿನಾಗ ದೊಡ್ಡಾಂವ ಹಾರೂ ರಾಕೆಟ್ ಮಾಡ್ಯಾನ. ವಿಡಿಯೋ ನೋಡಿ ಬಾಟ್ಲಿಗೆ ಪೈಪ್ ಜೋಡಿಸಿ ಕಾಲಿಲೆ ತುಳದ್ರ ಆಳೆತ್ತರನೂ ಏರವಲ್ದು, ಪಲ್ಟಿ ಹೊಡದ ಬೀಳತೈತಿ. ಬಾಜೂ ಮನಿ ಕಾಕಾ, "ಮದ್ದು ಇಲ್ದ ರಾಕೆಟ್ ಎಲ್ಲಿ ಹಾರತೈತಿ, ದೀಪಾವಳಿಗೆ ಉಳದ ಪಟಾಕಿ ಬಿಚ್ಚಿ ತುಂಬು" ಅಂದಾರ. ನಿನ್ನೆ ನೋಡಿದ್ರ ಅಂವ ಕಡ್ಡಿಪೆಟ್ಟಿಗಿ ಮದ್ದು ಕೆರದು ಒಂದ ಡಬ್ಬ್ಯಾಗ ಕೂಡಿಸಿ ಇಟ್ಟಾನ. ಬೈಯಬೇಕೋ, ಕಲಿಸಬೇಕೋ ತಿಳೀವಲ್ದು. ಮದ್ದಿಲ್ದ ಹಾರಸೂದು ಆಗತೈತೇನ್ರಿ?

ಉತ್ತರ: ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಮೊದಲು ಆ ಡಬ್ಬಿಯ ವಿಷಯ. ಅದು ಇವತ್ತೇ ಮುಗಿಯಬೇಕಾದ ಕೆಲಸ.

ಡಬ್ಬಿಯನ್ನು ಅಲ್ಲಾಡಿಸಬೇಡಿ, ಒಲೆಗೋ ಕಸದ ಬೆಂಕಿಗೋ ಹಾಕಬೇಡಿ. ತಿರುಪಿನ ಮುಚ್ಚಳವಿದ್ದರೆ ತಿರುಗಿಸಲು ಹೋಗಬೇಡಿ. ತಿರುಪಿನ ಸಂದಿಯಲ್ಲಿ ಸಿಕ್ಕ ಪುಡಿ ಉಜ್ಜಿಕೊಂಡು ಹೊತ್ತಬಹುದು. ಹಿತ್ತಲಿಗೆ ಒಯ್ದು ಡಬ್ಬಿ ಸಮೇತ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದು ದಿನ ಬಿಡಿ. ಮರುದಿನ ನೀರಿನೊಳಗೇ ಮುಚ್ಚಳ ತೆಗೆದು, ಪುಡಿಯೆಲ್ಲ ನೆನೆದ ಮೇಲೆ, ಬಾವಿ ಮತ್ತು ಗಿಡಗಳಿಂದ ದೂರ ಒಂದು ಗುಂಡಿಯಲ್ಲಿ ಸುರಿದು ಮಣ್ಣು ಮುಚ್ಚಿ. ಅವನು ಕೆರೆದ ಜಾಗದಲ್ಲಿ ಚೆಲ್ಲಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎರಡು ಮೂರು ನೀರಿನಲ್ಲಿ ಜಾಲಿಸಿ. ಆ ಪುಡಿ ಹೀರಿದ ಬಟ್ಟೆ ಒಣಗಿದರೆ ಬಟ್ಟೆಯೇ ಕಿಡಿಗೆ ಕಾದು ಕೂತಂತಾಗುತ್ತದೆ.

ಹುಡುಗನನ್ನು ಬೈಯುವ ಬದಲು ಆ ಪುಡಿಯಲ್ಲಿ ಏನಿದೆ ಎಂದು ಹೇಳಿ. ಆರನೇತ್ತೆಯವನಿಗೆ ತಿಳಿಯುವ ವಿಷಯವೇ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಬಿಸಿ ತಗುಲಿದರೆ ಆಮ್ಲಜನಕ ಬಿಡುವ ಉಪ್ಪು ಅದು. ಪೆಟ್ಟಿಗೆಯ ಪಕ್ಕದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ ಇರುತ್ತದೆ. ಇವೆರಡನ್ನೂ ಬೇರೆ ಬೇರೆ ಇಟ್ಟಿರುವುದಕ್ಕೇ ಅದನ್ನು ಸೇಫ್ಟಿ ಮ್ಯಾಚ್ ಎನ್ನುವುದು. ಮಕ್ಕಳು ಪೆಟ್ಟಿಗೆಯ ಮೇಲೆಯೇ ಕಡ್ಡಿ ಇಟ್ಟು ಬ್ಲೇಡಿನಿಂದ ಕೆರೆಯುತ್ತಾರೆ, ಪಟ್ಟಿಯ ಚೂರೂ ಪುಡಿಯಲ್ಲಿ ಬೆರೆಯುತ್ತದೆ. ಆಮೇಲೆ ಅದಕ್ಕೆ ಬೆಂಕಿ ಬೇಕಿಲ್ಲ, ಸ್ವಲ್ಪ ತಿಕ್ಕಾಟ ಸಾಕು. ಕೈಯಲ್ಲಿ ಹಿಡಿದ ಡಬ್ಬಿಯಲ್ಲಿ, ಮುಖದ ಹತ್ತಿರ ಹೊತ್ತಿಕೊಂಡರೆ ಹೋಗುವುದು ಬೆರಳು, ಕಣ್ಣು.

ಕಾಕಾ ಹೇಳಿದ್ದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು. ಅದರಲ್ಲಿ ಎರಡು ತಪ್ಪು ತಿಳಿವಳಿಕೆ ಸೇರಿಕೊಂಡಿವೆ. ಮೊದಲನೆಯದು, ಪಟಾಕಿಯ ಮದ್ದೂ ರಾಕೆಟ್ಟಿನ ಮದ್ದೂ ಒಂದೇ ಎಂಬುದು. ದೀಪಾವಳಿ ರಾಕೆಟ್ಟಿನ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಒತ್ತಿ ತುಂಬಿ, ಕೆಳಗಿನ ಮಣ್ಣಿನ ಬಿರಡೆಯಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಅದು ಪದರು ಪದರಾಗಿ ಉರಿಯುತ್ತ ಹೊಗೆಯನ್ನು ಆ ತೂತಿನಿಂದ ತಳ್ಳುತ್ತ ಹೋಗುತ್ತದೆ. ಸದ್ದು ಮಾಡುವ ಪಟಾಕಿಯ ಮದ್ದಿನಲ್ಲಿ ಅಲ್ಯೂಮಿನಿಯಂ ಪುಡಿ ಬೆರೆತಿರುತ್ತದೆ, ಅದು ಸಡಿಲವಾಗಿದ್ದು ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಉರಿಯುತ್ತದೆ. ಅದನ್ನು ರಟ್ಟಿನ ಕೊಳವೆಗೆ ತುಂಬಿ ಬಾಯಿ ಮುಚ್ಚಿದರೆ ಆಗುವುದು ಬಾಂಬು. ಮೈಸೂರಿನ ಹೈದರ್, ಟಿಪ್ಪು ಕಾಲದ ರಾಕೆಟ್‌ಗಳು ದೂರ ಹೋಗುತ್ತಿದ್ದುದು ಕಬ್ಬಿಣದ ಕೊಳವೆ ಒಳಗಿನ ಒತ್ತಡವನ್ನು ತಾಳುತ್ತಿದ್ದರಿಂದ; 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಅಂಥ ಸಾವಿರದಷ್ಟು ಕೊಳವೆಗಳು ಸಿಕ್ಕವು. ರಟ್ಟಿಗೆ ಆ ತಾಳಿಕೆ ಇಲ್ಲ. ಕಬ್ಬಿಣ ಬಳಸೋಣವೆಂದರೆ ಸಿಡಿದ ಚೂರು ಗುಂಡಿನಂತೆ ಹೋಗುತ್ತದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ದು ತಯಾರಿಸುವುದು 1884ರ ಸ್ಫೋಟಕಗಳ ಕಾಯ್ದೆಯಡಿ ಅಪರಾಧವೂ ಹೌದು. ಹಾಗಾಗಿ ಈ ದಾರಿಯನ್ನು ಇಲ್ಲಿಗೇ ಬಿಡೋಣ.

ಎರಡನೆಯದು, ಹಾರದಿದ್ದರೆ ಬಲ ಸಾಲಲಿಲ್ಲ ಎಂಬ ಎಣಿಕೆ. ನಿಮ್ಮ ಹುಡುಗನ ರಾಕೆಟ್ ಬೀಳುತ್ತಿರುವುದು ಬಲ ಸಾಲದೆ ಅಲ್ಲ. ಲೆಕ್ಕ ಹಾಕಿ ನೋಡಿ: 20 ಮಿ.ಮೀ. ಪೈಪಿನ ಮೇಲೆ ಕೂರುವ ರಾಕೆಟ್ಟಿನ ಒಳಗಿನ ಅಡ್ಡಕೊಯ್ತ ಸುಮಾರು 3 ಚದರ ಸೆಂ.ಮೀ. ತುಳಿದಾಗ ಬಾಟ್ಲಿಯ ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಮೂರರಲ್ಲೊಂದು ಪಾಲು ಹೆಚ್ಚಾದರೂ, ರಾಕೆಟ್ಟಿನ ತಲೆಯ ಮೇಲೆ ಸುಮಾರು ಒಂದು ಕಿಲೋ ತೂಕದಷ್ಟು ತಳ್ಳು ಬೀಳುತ್ತದೆ. ಹಾಳೆಯ ರಾಕೆಟ್ಟಿನ ತೂಕ 10 ಗ್ರಾಂ. ತನ್ನ ತೂಕದ ನೂರರಷ್ಟು ತಳ್ಳು ಸಿಕ್ಕಿದ ವಸ್ತು ಹಾರದೆ ಇರಲು ಕಾರಣ ಬೇರೆಯೇ ಇರಬೇಕು. ಮೂರು ಕಾರಣಗಳಿವೆ, ನಿಮ್ಮ ಕಾಗದ ಓದಿದರೆ ಮೂರೂ ಒಟ್ಟಿಗೆ ಇರುವಂತೆ ಕಾಣುತ್ತದೆ: ಫ್ರಿಜ್ ಬಾಕ್ಸಿನ ದಪ್ಪ ರಟ್ಟಿನ ಭಾರ, ಗಾಳಿ ಸೋರುವುದು, ತೂಕ ಬಾಲದ ಕಡೆ ಬಿದ್ದಿರುವುದು. ಪಲ್ಟಿ ಹೊಡೆಯುವುದು ಈ ಮೂರನೆಯದರಿಂದ.

ಅದನ್ನು ಹುಡುಗನಿಗೆ ದೀಪಾವಳಿ ರಾಕೆಟ್ಟಿನಿಂದಲೇ ತೋರಿಸಬಹುದು. ಕಡ್ಡಿ ಮುರಿದ ರಾಕೆಟ್ ಓಣಿ ತುಂಬ ಹೇಗೆ ಸುರುಳಿ ಸುತ್ತುತ್ತ ಓಡುತ್ತದೆ ಎಂಬುದನ್ನು ಅವನು ನೋಡಿರುತ್ತಾನೆ. ಮದ್ದು ಅಷ್ಟೇ ಇದೆ, ಬಲವೂ ಅಷ್ಟೇ ಇದೆ. ಬಾಲದ ಕಡ್ಡಿ ಮಾತ್ರ ಇಲ್ಲ. ಬಾಣಕ್ಕೆ ಮೊನೆಯಲ್ಲಿ ಕಬ್ಬಿಣ, ಹಿಂದೆ ಗರಿ ಇರುವುದೂ ಇದಕ್ಕೇ. ಹಾರುವ ವಸ್ತುವಿಗೆ ಎರಡು ನಡುಗಳಿವೆ. ಒಂದು ತೂಕದ ನಡು, ಪಠ್ಯದಲ್ಲಿ ಗುರುತ್ವ ಕೇಂದ್ರ ಎನ್ನುತ್ತಾರೆ. ಬೆರಳ ಮೇಲೆ ಅಡ್ಡ ಇಟ್ಟಾಗ ಎಲ್ಲಿ ಸಮ ನಿಲ್ಲುತ್ತದೋ ಅದು. ಇನ್ನೊಂದು ಗಾಳಿಯ ನಡು. ಪಕ್ಕದಿಂದ ಗಾಳಿ ಬೀಸಿದರೆ ಅದರ ಒತ್ತೆಲ್ಲ ಬಂದು ಸೇರುವ ಜಾಗ. ತೂಕದ ನಡು ಮುಂದೆ, ಗಾಳಿಯ ನಡು ಹಿಂದೆ ಇದ್ದರೆ ಓರೆಯಾದ ರಾಕೆಟ್ಟನ್ನು ಗಾಳಿಯೇ ನೆಟ್ಟಗೆ ತಿರುಗಿಸುತ್ತದೆ. ಅದಲುಬದಲಾದರೆ ಅದೇ ಗಾಳಿ ಪಲ್ಟಿ ಹೊಡೆಸುತ್ತದೆ. ದಪ್ಪ ರಟ್ಟಿನ ದೊಡ್ಡ ರೆಕ್ಕೆ ಹಚ್ಚಿದಾಗ ಗಾಳಿಯ ನಡುವಿನ ಜೊತೆಗೆ ತೂಕದ ನಡುವೂ ಹಿಂದಕ್ಕೆ ಸರಿಯುತ್ತದೆ. ರೆಕ್ಕೆ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿಯೇ ಸೋಲುವುದು.

ಈಗ ಮಾಡುವ ಕ್ರಮ.

ತುಳಿಯುವ ಭಾಗಕ್ಕೆ 2 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲಿ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾಟ್ಲಿಯ ಗೋಡೆ ತೆಳು, ನಾಲ್ಕೈದು ತುಳಿತಕ್ಕೇ ಸೀಳುತ್ತದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 20 ಮಿ.ಮೀ. ವೈರಿಂಗ್ ಪೈಪ್ ಮತ್ತು ಅದೇ ಅಳತೆಯ ಒಂದು ಬೆಂಡ್ ಬೇಕು. ಈ ಪೈಪಿನ ಹೊರ ಅಳತೆಯೇ 20 ಮಿ.ಮೀ., ಬಾಟ್ಲಿಯ ಬಾಯಿಯ ಒಳ ಅಳತೆ ಸುಮಾರು 22. ಹಾಗಾಗಿ ಪೈಪಿನ ತುದಿಗೆ ಬಿಗಿಯಾಗುವಷ್ಟು ಇನ್ಸುಲೇಷನ್ ಟೇಪ್ ಸುತ್ತಿ ಬಾಯಿಯೊಳಗೆ ತೂರಿಸಬಹುದು. ಪ್ಲಂಬಿಂಗ್ ಅಂಗಡಿಯಲ್ಲಿ ಅರ್ಧ ಇಂಚು ಎಂದು ಕೇಳಿದರೆ ಗೊಂದಲವಾಗುತ್ತದೆ: ಸಿಪಿವಿಸಿ ಅರ್ಧ ಇಂಚಿನ ಹೊರ ಅಳತೆ 15.9 ಮಿ.ಮೀ., ಯುಪಿವಿಸಿ ಅರ್ಧ ಇಂಚಿನದು 21.3. ಯಾವುದೇ ಪೈಪ್ ತಂದರೂ ನಡೆಯುತ್ತದೆ, ಆದರೆ ರಾಕೆಟ್ ಸುತ್ತುವುದು ಅದೇ ಪೈಪಿನ ತುಂಡಿನ ಮೇಲೆಯೇ ಆಗಬೇಕು. ಬೇರೆ ಪೈಪಿನ ಮೇಲೆ ಸುತ್ತಿ ತಂದ ರಾಕೆಟ್ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಗಾಳಿಯೆಲ್ಲ ಸಂದಿಯಲ್ಲಿ ಹೋಗುತ್ತದೆ.

ನೆಲದ ಮೇಲೆ ಮಲಗುವ ಪೈಪ್ ಒಂದು ಮೀಟರ್, ನಿಲ್ಲುವ ಪೈಪ್ 40 ಸೆಂ.ಮೀ. ಇವೆರಡರ ನಡುವೆ ಬೆಂಡ್. ವೈರಿಂಗ್ ಪೈಪಿನ ಬೆಂಡ್ ಗಾಳಿ ತಡೆಯಲು ಮಾಡಿದ್ದಲ್ಲ, ಹಾಗೇ ಸಿಕ್ಕಿಸಿದರೆ ಅಲ್ಲಿ ಸೋರುತ್ತದೆ. ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚಿ, ಮೇಲೆ ಟೇಪ್ ಸುತ್ತಿ. ಬಾಟ್ಲಿಯ ಕೊರಳಿಗೆ ಹಳೆಯ ಸೈಕಲ್ ಟ್ಯೂಬಿನ 10 ಸೆಂ.ಮೀ. ತುಂಡನ್ನು ಅರ್ಧ ಕೊರಳ ಮೇಲೆ, ಅರ್ಧ ಪೈಪಿನ ಮೇಲೆ ಬರುವಂತೆ ಏರಿಸಿ ಎರಡೂ ಕಡೆ ಕೇಬಲ್ ಟೈ ಬಿಗಿಯಿರಿ. ಬರೀ ಟೇಪಿನ ಜೋಡಣೆ ಬಿಸಿಲಿಗೆ ಅಂಟು ಜಾರಿ ಹತ್ತು ತುಳಿತಕ್ಕೆ ಬಿಚ್ಚುತ್ತದೆ. ಟ್ಯೂಬ್ ಹಾಕಿದರೆ ಬಾಟ್ಲಿ ಬದಲಿಸುವುದೂ ಸಲೀಸು. ಬೆಂಡಿನ ಹತ್ತಿರ ಪೈಪನ್ನು ಒಂದಡಿ ಚೌಕದ ಪ್ಲೈವುಡ್ಡಿಗೆ ಎರಡು ಸ್ಯಾಡಲ್, ಅಂದರೆ ಪೈಪ್ ಹಿಡಿದಿಡುವ ಪಟ್ಟಿ, ಹಾಕಿ ಸ್ಕ್ರೂ ಮಾಡಿ. ಹಲಗೆ ಇಲ್ಲದಿದ್ದರೆ ತುಳಿದ ಹೊಡೆತಕ್ಕೆ ನಿಂತ ಪೈಪ್ ಹೊರಳಿ ಮಕ್ಕಳ ಕಡೆಗೇ ತಿರುಗುತ್ತದೆ. ಹಲಗೆಯ ಕೆಳಗೆ, ಬಾಟ್ಲಿಯ ಕಡೆಯ ಅಂಚಿಗೆ ಒಂದು ಕಟ್ಟಿಗೆಯ ಚೂರು ಇಟ್ಟರೆ ಪೈಪ್ ತುಳಿಯುವವನಿಂದ ಆಚೆಗೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಹತ್ತು ಹದಿನೈದು ಡಿಗ್ರಿ ಸಾಕು. ತುಳಿಯುವಾಗ ಮಕ್ಕಳು ಮುಂದಕ್ಕೆ ಬಾಗುತ್ತಾರೆ, ಮುಖ ಪೈಪಿನ ಮೇಲೆ ಬರುತ್ತದೆ. ಒಂದು ಮೀಟರ್ ಅಂತರವೂ ಈ ಓರೆಯೂ ಇರುವುದು ಅದಕ್ಕೆ.

ರಾಕೆಟ್ಟಿನ ಮೈಗೆ ರಟ್ಟು ಬೇಡ. ಒಂದು ಎ4 ಹಾಳೆ ಸಾಕು, ಅದರ ತೂಕ ಐದು ಗ್ರಾಂಗಿಂತ ಹೆಚ್ಚಿಲ್ಲ. ಪೈಪಿನ ಇನ್ನೊಂದು ತುಂಡನ್ನು ಅಚ್ಚು ಮಾಡಿಕೊಂಡು, ಮೊದಲು ಅದಕ್ಕೆ ದಿನಪತ್ರಿಕೆಯ ಹಾಳೆಯನ್ನು ಒಂದೇ ಸುತ್ತು ಸುತ್ತಿ. ಅದರ ಮೇಲೆ ಎ4 ಹಾಳೆಯನ್ನು ಉದ್ದ ಬದಿ ಪೈಪಿನ ಉದ್ದಕ್ಕೆ ಬರುವಂತೆ ಸುತ್ತಿ. ಮೂರು ಸುತ್ತು ಬಂದು ಸ್ವಲ್ಪ ಮಿಗುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಫೆವಿಕಾಲನ್ನು ಬೆರಳಿನಿಂದ ತೆಳ್ಳಗೆ ಸವರುತ್ತ ಹೋಗಿ. ಕೊನೆಯ ಅಂಚನ್ನು ತುದಿಯಿಂದ ತುದಿಗೆ ಅಂಟಿಸಬೇಕು, ಅಲ್ಲಲ್ಲಿ ಟೇಪಿನ ಚೂರು ಹಚ್ಚಿದರೆ ನಡುವಿನ ಸಂದಿಯಲ್ಲಿ ಗಾಳಿ ಹೋಗುತ್ತದೆ. ಅಂಟು ಒಣಗುತ್ತ ಹಾಳೆ ಬಿಗಿಯಾಗುತ್ತದೆ, ಆದ್ದರಿಂದ ಎರಡು ಮೂರು ನಿಮಿಷದಲ್ಲೇ ಕೊಳವೆಯನ್ನು ಅಚ್ಚಿನಿಂದ ಜಾರಿಸಿ, ಒಳಗಿನ ದಿನಪತ್ರಿಕೆ ಹಾಳೆಯನ್ನು ಎಳೆದು ತೆಗೆಯಿರಿ. ಆ ಒಂದು ಸುತ್ತು ಬಿಟ್ಟ ಸಂದಿಯೇ ಬೇಕಾದ ಅಳತೆ. ಪರೀಕ್ಷೆ ಇಷ್ಟೇ: ಒಣಗಿದ ಕೊಳವೆಯನ್ನು ನಿಂತ ಪೈಪಿನ ಮೇಲೆ ಇಟ್ಟು ಕೈ ಬಿಟ್ಟರೆ ತನ್ನ ತೂಕಕ್ಕೆ ತಾನೇ ಮೆಲ್ಲಗೆ ಇಳಿಯಬೇಕು. ನಡುವೆ ನಿಂತರೆ ಬಿಗಿ, ಗಳಕ್ಕನೆ ಬಿದ್ದರೆ ಸಡಿಲ.

ಇನ್ನು ಮೂತಿ. ಕಾರ್ಯಾಗಾರಗಳಲ್ಲಿ ಮಕ್ಕಳ ರಾಕೆಟ್ ಹಾರದಿದ್ದಾಗ ಮೊದಲು ನೋಡಬೇಕಾದ ಜಾಗ ಇದು. ಹಾಳೆಯ ಶಂಕುವನ್ನು ಕೊಳವೆಯ ಮೇಲೆ ಟೋಪಿಯಂತೆ ಅಂಟಿಸಿ ಬಿಟ್ಟರೆ ಮೊದಲ ತುಳಿತಕ್ಕೇ ಟೋಪಿ ಹಾರಿಹೋಗಿ ಕೊಳವೆ ಪೈಪಿನ ಮೇಲೆ ಉಳಿಯುತ್ತದೆ. ಆ ಒಂದು ಕಿಲೋ ತಳ್ಳು ಬೀಳುವುದು ಇಲ್ಲಿಯೇ. ಆದ್ದರಿಂದ ಟೋಪಿಗಿಂತ ಮೊದಲು ಕೊಳವೆಯ ಬಾಯನ್ನು ಮುಚ್ಚಬೇಕು: ಹಳೆಯ ಲಗ್ನಪತ್ರಿಕೆಯಿಂದ ಬಾಯಿಯಳತೆಯ ಬಿಲ್ಲೆ ಕತ್ತರಿಸಿ ಸುತ್ತ ಅಂಟು ಹಾಕಿ ಕೂರಿಸಿ, ಅದರ ಮೇಲೆ ಟೇಪಿನ ನಾಲ್ಕು ಪಟ್ಟಿಗಳನ್ನು ಅಡ್ಡಡ್ಡ ಹಾಯಿಸಿ ಎರಡೂ ಬದಿಗೆ 5 ಸೆಂ.ಮೀ. ಇಳಿಯುವಂತೆ ಎಳೆದು ಹಚ್ಚಿ. ಇನ್ನೊಂದು ಬಾಯಿಯಿಂದ ಊದಿ, ಮೂತಿಯನ್ನು ಕೆನ್ನೆಯ ಹತ್ತಿರ ಹಿಡಿದರೆ ಸೋರಿಕೆ ತಂಪಾಗಿ ತಿಳಿಯುತ್ತದೆ. ಟೋಪಿಗೆ 5 ಸೆಂ.ಮೀ. ತ್ರಿಜ್ಯದ ವೃತ್ತದ ಕಾಲು ಭಾಗ ಸಾಕು. ಸುತ್ತಿದಾಗ ಕೊಳವೆಯ ಸುತ್ತಳತೆಗೆ ಸರಿಹೋಗಿ ಅಂಟಿಸಲು ಒಂದು ಸೆಂ.ಮೀ. ಮಿಗುತ್ತದೆ.

ಟೋಪಿಯ ಚೂಪು ತುದಿಯನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಸ್ಪಂಜಿನ ಉಂಡೆ ಬರುವಂತೆ ಮಾಡಿ. ಮೂತಿ ಸೂಜಿಯಂತಿದ್ದರೆ ದೂರ ಹೋಗುತ್ತದೆ ಎನ್ನುವುದು ಈ ವೇಗಕ್ಕೆ ನಿಜವಲ್ಲ, ಶಬ್ದಕ್ಕಿಂತ ನಿಧಾನ ಹೋಗುವ ವಸ್ತುವಿಗೆ ದುಂಡು ಮೂತಿಯೇ ಮೇಲು. ಇಸ್ರೋ ರಾಕೆಟ್‌ಗಳ ತುದಿಯೂ ದುಂಡಗೇ ಇದೆ, ಫೋಟೋ ತೋರಿಸಿ. ತೂಕಕ್ಕೆ ಟೋಪಿಯೊಳಗೆ ಮಕ್ಕಳ ಆಟದ ಜೇಡಿ, ಅಂದರೆ ಕ್ಲೇ, ಎರಡು ಗ್ರಾಂ ಬೇಕು. ತಕ್ಕಡಿ ಇಲ್ಲದಿದ್ದರೆ ಪಟ್ಟಿಯೊಂದನ್ನು ಪೆನ್ಸಿಲ್ಲಿನ ಮೇಲೆ ತೂಗಿಸಿ, ಒಂದು ಕಡೆ 2012ರಿಂದ 2018ರವರೆಗಿನ ಇಸವಿಯಿರುವ ಒಂದು ರೂಪಾಯಿ ನಾಣ್ಯ ಇಡಿ. ಅದು ಸುಮಾರು 3.8 ಗ್ರಾಂ. ಇನ್ನೊಂದು ಕಡೆ ಸಮ ಬರುವಷ್ಟು ಕ್ಲೇ ಇಟ್ಟು, ಆ ಉಂಡೆಯನ್ನು ಎರಡು ಪಾಲು ಮಾಡಿದರೆ ಎರಡು ರಾಕೆಟ್ಟಿಗೆ ಆಯಿತು. ನಾಣ್ಯವನ್ನೇ, ಕಲ್ಲನ್ನೇ, ಮೊಳೆಯನ್ನೇ ಮೂತಿಗೆ ತುಂಬುವ ಉಪಾಯ ಹುಡುಗರಿಗೆ ಹೊಳೆದೇ ಹೊಳೆಯುತ್ತದೆ. ಅದೊಂದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ.

ರೆಕ್ಕೆಗೂ ಲಗ್ನಪತ್ರಿಕೆಯ ಕಾರ್ಡೇ ಸರಿ. ಮೂರು ರೆಕ್ಕೆ, ಮೈಗೆ ಅಂಟುವ ಬದಿ 6 ಸೆಂ.ಮೀ., ಹೊರಬದಿ 3, ಅಗಲ 4. ಮೂರನ್ನೂ ಒಂದೇ ಅಚ್ಚಿನಿಂದ ಕತ್ತರಿಸಿ. ಸಮ ಅಂತರಕ್ಕೆ ಒಂದು ಕಾಗದದ ಪಟ್ಟಿಯನ್ನು ಕೊಳವೆಗೆ ಒಂದು ಸುತ್ತು ಸುತ್ತಿ ಗುರುತು ಮಾಡಿ, ಬಿಚ್ಚಿ ಮೂರು ಪಾಲು ಮಾಡಿ, ಮತ್ತೆ ಸುತ್ತಿ ಗೆರೆ ಎಳೆಯಿರಿ. ಅಂಟಿಸುವಾಗ ಬಾಲದ ತುದಿಯಿಂದ ಒಂದು ಸೆಂ.ಮೀ. ಮೇಲೆ ಬರಲಿ, ತೀರ ತುದಿಗೆ ಹಚ್ಚಿದರೆ ನೆಲಕ್ಕೆ ಬಡಿದಾಗ ಮೊದಲು ಕಿತ್ತುಬರುವುದು ರೆಕ್ಕೆಯೇ. ಮೂರರಲ್ಲಿ ಒಂದು ಮಾತ್ರ ಸೊಟ್ಟಗಿದ್ದರೆ ರಾಕೆಟ್ ಸುರುಳಿಯಾಗಿ ಏರುತ್ತದೆ. ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಸೊಟ್ಟ ಯಾವುದೆಂದು ತಿಳಿಯುತ್ತದೆ.

ಹಾರಿಸುವ ಮೊದಲು ಸಮತೋಲ ನೋಡಿ. ಈ ಅಳತೆಯಲ್ಲಿ ಮಾಡಿದ ರಾಕೆಟ್ಟಿನ ತೂಕದ ನಡು ಬಾಲದಿಂದ ಸುಮಾರು 18 ಸೆಂ.ಮೀ. ಮೇಲೆ ಬರುತ್ತದೆ. ಗಾಳಿಯ ನಡು ಹುಡುಕಲು ರಾಕೆಟ್ಟನ್ನು ರಟ್ಟಿನ ಮೇಲೆ ಮಲಗಿಸಿ, ಎರಡು ಪಕ್ಕಕ್ಕೂ ಒಂದೊಂದು ರೆಕ್ಕೆ ಸೇರಿಸಿ ಅದರ ಆಕಾರ ಗೀಚಿ ಕತ್ತರಿಸಿ. ಆ ರಟ್ಟಿನ ಚಿತ್ರವನ್ನು ಬೆರಳ ಮೇಲೆ ತೂಗಿಸಿದಾಗ ಸಮ ನಿಲ್ಲುವ ಜಾಗ, ಇಲ್ಲಿ ಬಾಲದಿಂದ 11–12 ಸೆಂ.ಮೀ., ಗಾಳಿಯ ನಡುವಿನ ಅಂದಾಜು. ತೂಕದ ನಡು ಇದಕ್ಕಿಂತ ಕೊಳವೆಯ ಒಂದು ದಪ್ಪದಷ್ಟಾದರೂ, ಅಂದರೆ 2 ಸೆಂ.ಮೀ., ಮುಂದಿರಬೇಕು. ಇನ್ನೂ ನಂಬಿಕೆ ಬಾರದಿದ್ದರೆ ತೂಕದ ನಡುವಿಗೆ ಎರಡು ಮೀಟರ್ ದಾರ ಕಟ್ಟಿ, ಟೇಪ್ ಹಚ್ಚಿ, ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಹಾರುತ್ತದೆ. ಬಾಲ ಮುಂದಾದರೆ, ಅಡ್ಡ ಸುತ್ತಿದರೆ ಇನ್ನೊಂದು ಚಿಟಿಕೆ ಕ್ಲೇ. ಅವನ ಹಳೆಯ ರಟ್ಟಿನ ರಾಕೆಟ್ಟನ್ನು ಮೊದಲು ಹೀಗೆ ಬೀಸಿ ತೋರಿಸಿ. ಪಲ್ಟಿ ಹೊಡೆಯುವುದು ಕಣ್ಣೆದುರೇ ಕಾಣುತ್ತದೆ, ಮದ್ದಿನ ಮಾತು ತಾನಾಗಿಯೇ ಬಿಟ್ಟುಹೋಗುತ್ತದೆ.

ಎಷ್ಟೆತ್ತರ ಹೋಗುತ್ತದೆ? ತಳ್ಳಿದ ಬಲದಲ್ಲಿ ಅರ್ಧ ಸೋರಿಕೆಗೆ, ತಿಕ್ಕಾಟಕ್ಕೆ ಹೋಯಿತೆಂದುಕೊಂಡರೂ ಪೈಪ್ ಬಿಡುವಾಗ ವೇಗ ಗಂಟೆಗೆ 50–60 ಕಿ.ಮೀ. ಇರಬಹುದು. ಅಂದರೆ ಮೂರು ನಾಲ್ಕು ಅಂತಸ್ತಿನ ಎತ್ತರ. ಈ ವೇಗವೇ ಅದರ ಅಪಾಯವೂ ಹೌದು. ಹತ್ತು ಗ್ರಾಂ ಹಾಳೆ ಬೆನ್ನಿಗೆ ಬಿದ್ದರೆ ಏನೂ ಆಗದು, ಕಣ್ಣಿಗೆ ಎದುರಿನಿಂದ ಬಡಿದರೆ ಪೆಟ್ಟು ದೊಡ್ಡದು. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಕನ್ನಡಕ ಇಬ್ಬರಿಗೂ ತನ್ನಿ. ಕ್ರಮ ಹೀಗಿರಲಿ: ಬಾಟ್ಲಿಯ ಮೇಲೆ ಯಾರ ಕಾಲೂ ಇಲ್ಲದಾಗ ಮಾತ್ರ ಒಬ್ಬರು ರಾಕೆಟ್ ಏರಿಸಬೇಕು, ಅವರು ಮೂರು ಮೀಟರ್ ಹಿಂದಿನ ಸುಣ್ಣದ ಗೆರೆಗೆ ಬಂದ ಮೇಲೆಯೇ ಎಣಿಕೆ ಶುರು. ಐದು ವರ್ಷದವಳು ತುಳಿಯಬಹುದು, ರಾಕೆಟ್ ಏರಿಸುವುದು ದೊಡ್ಡವರ ಕೆಲಸ. ಬಾಟ್ಲಿಯನ್ನು ಅಡ್ಡ ಮಲಗಿಸಿ ನಡುವೆ ತುಳಿಯಬೇಕು, ಕೊರಳ ಹತ್ತಿರ ತುಳಿದರೆ ಜೋಡಣೆ ಬಿರಿಯುತ್ತದೆ. ಬರಿಗಾಲು ಬೇಡ, ಸೀಳಿದ ಬಾಟ್ಲಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಚಪ್ಪಟೆಯಾದ ಬಾಟ್ಲಿಯನ್ನು ಮತ್ತೆ ಉಬ್ಬಿಸಲು ರಾಕೆಟ್ ತೆಗೆದು, ಪೈಪಿನ ತುದಿಗೆ ಮುಷ್ಟಿ ಹಿಡಿದು ಅದರ ಮೂಲಕ ಊದಿ. ಆಗಂತೂ ಬಾಟ್ಲಿಯ ಹತ್ತಿರ ಇನ್ನೊಬ್ಬರು ಇರಲೇಬಾರದು. ಕಣ್ಣಿಗೆ ತಗುಲಿತೆಂದರೆ ಉಜ್ಜಬೇಡಿ, ಒತ್ತಬೇಡಿ, ಹೊರಗಿನಿಂದ ಏನೂ ಕಾಣದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ರಾಕೆಟ್ಟಿಗಿಂತ ಹೆಚ್ಚು ಪೆಟ್ಟು ಆಗುವುದು ಅದನ್ನು ನೋಡುತ್ತ ಓಡುವಾಗ. ಮಾಳಿಗೆಯ ಮೇಲಿಂದ ಹಾರಿಸುವುದು ಬೇಡವೇ ಬೇಡ. ಕಣ್ಣು ಮೇಲೆ, ಹೆಜ್ಜೆ ಹಿಂದಕ್ಕೆ, ಎಷ್ಟೋ ಹಳೆಯ ಮಾಳಿಗೆಗಳಿಗೆ ಮೊಣಕಾಲೆತ್ತರದ ಗೋಡೆಯೂ ಇರುವುದಿಲ್ಲ. ಹಿತ್ತಲಲ್ಲಿ ತೆರೆದ ಬಾವಿ, ಸಂಪು, ಹಳೆಯ ಹಗೇವು (ಕಾಳು ತುಂಬಿಡುವ ನೆಲಗುಂಡಿ) ಇದ್ದರೆ ಮೊದಲು ಭದ್ರವಾಗಿ ಮುಚ್ಚಿ. ಕರೆಂಟ್ ತಂತಿಯ ಕೆಳಗೆ ಹಾರಿಸಬೇಡಿ. ತಂತಿಗೆ ಸಿಕ್ಕಿದ ರಾಕೆಟ್ ಅಲ್ಲೇ ಇರಲಿ. ಅದು ಒಂದು ಹಾಳೆ, ಇನ್ನೊಂದು ಹತ್ತು ನಿಮಿಷದಲ್ಲಿ ಆಗುತ್ತದೆ. ಗಳದಿಂದ ತೆಗೆಯುವ ಪ್ರಯತ್ನವನ್ನು ದೊಡ್ಡವರೂ ಮಾಡಬಾರದು.

ಗಾಳಿಯ ಮಾತು ನಿಮ್ಮ ಊರಿಗೆ ವಿಶೇಷವಾಗಿ ಹೇಳಬೇಕು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುವ ಸೀಮೆ ನಿಮ್ಮದು. ಚೆನ್ನಾಗಿ ಸಮತೋಲ ಆದ ರಾಕೆಟ್ ಗಾಳಿ ಬರುವ ದಿಕ್ಕಿಗೆ ಮೂತಿ ತಿರುಗಿಸುತ್ತದೆ, ಕ್ಲೇ ಹೆಚ್ಚಾದಷ್ಟೂ ಇದು ಹೆಚ್ಚು. ನೆಟ್ಟಗೆ ಬಿಟ್ಟರೂ ಗಾಳಿಗೆ ಎದುರಾಗಿ ಓರೆ ಹೋದರೆ ಅದು ಮಾಡಿದವನ ತಪ್ಪಲ್ಲ ಎಂದು ಹುಡುಗನಿಗೆ ಹೇಳಿ. ಬೆಳಿಗ್ಗೆ ಏಳೆಂಟು ಗಂಟೆಗೆ ಗಾಳಿ ನಿಂತಿರುವಾಗ ಹಾರಿಸಿದರೆ ಒಳ್ಳೆಯದು. ಪ್ರತಿ ರಾಕೆಟ್ಟಿನ ರೆಕ್ಕೆಯ ಮೇಲೆ ನಂಬರ್ ಬರೆದು, ಒಂದು ನೋಟ್‌ಬುಕ್ಕಿನಲ್ಲಿ ತೂಕ, ರೆಕ್ಕೆಯ ಅಳತೆ, ಎಲ್ಲಿ ಬಿತ್ತು ಎಂಬುದನ್ನು ಬರೆಯಲಿ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ತೀರ ಹಗುರ ಮಾಡಿದರೆ ಇನ್ನೂ ಎತ್ತರ ಹೋಗುತ್ತದೆಂದು ಅವನಿಗೆ ಅನಿಸಬಹುದು. ಮಾಡಿ ನೋಡಲಿ: ಗರಿಯನ್ನು ಎಷ್ಟು ಜೋರಾಗಿ ಎಸೆದರೂ ಗಾಳಿ ಅಲ್ಲೇ ತಡೆಯುತ್ತದೆ, ಹಾಗೆಯೇ ಇದೂ.

ವಿಡಿಯೋಗಳಲ್ಲಿ ಇನ್ನೆರಡು ಬಗೆ ಕಾಣುತ್ತವೆ. ಬಾಟ್ಲಿಗೆ ಮೂರರಲ್ಲೊಂದು ಪಾಲು ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಬಿಡುವ ನೀರಿನ ರಾಕೆಟ್ ಸೊಗಸಾದದ್ದೇ. ಆದರೆ ಅದಕ್ಕೆ ಮೈದಾನ ಬೇಕು, ಹಿತ್ತಲು ಸಾಲದು. ರಟ್ಟಿನ ರೆಕ್ಕೆ ಒಂದೇ ಸಲಕ್ಕೆ ನೆನೆದು ಬಾಗುತ್ತದೆ. ಪಿವಿಸಿ ಪೈಪಿನೊಳಗೆ ಪಂಪಿನಿಂದ ಗಾಳಿ ತುಂಬಿಟ್ಟು ವಾಲ್ವ್ ತೆರೆದು ಹಾರಿಸುವ ಬಗೆಯನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಬಿಸಿಲಿಗೆ ಬಿದ್ದ ಪಿವಿಸಿ ಬಿರುಸಾಗಿರುತ್ತದೆ, ಒತ್ತಡಕ್ಕೆ ಒಡೆದರೆ ಗಾಜಿನಂತೆ ಚೂರಾಗಿ ಸಿಡಿಯುತ್ತದೆ. ತುಳಿಯುವ ಬಗೆಯಲ್ಲಿ ಒತ್ತಡ ಅರೆಕ್ಷಣ ಇದ್ದು ಹೋಗುತ್ತದೆ, ಪೈಪಿನಲ್ಲಿ ಉಳಿಯುವುದಿಲ್ಲ.

ಈಗ ಸಣ್ಣಾಕಿಯ ರಾಕೆಟ್. ಅದು ಕುಸಿದದ್ದಕ್ಕೆ ಮಳೆ ಅರ್ಧ ಕಾರಣ. ಬಾಕ್ಸಿನ ರಟ್ಟಿನ ಪದರುಗಳನ್ನು ಕೂಡಿಸುವುದು ಗಂಜಿಯ ಅಂಟು, ತೇವ ತಗುಲಿದರೆ ಪದರು ಬಿಡುತ್ತದೆ. ಇನ್ನರ್ಧ ಕಾರಣ ಕತ್ತರಿಸಿದ ರೀತಿಯಲ್ಲಿರಬೇಕು. ಬಾಕ್ಸಿನ ಭಾರವನ್ನು ಹೆಚ್ಚಾಗಿ ಹೊರುವುದು ನಾಲ್ಕು ನಿಂತ ಮೂಲೆಗಳು. ಬಾಗಿಲು ಕಿಟಕಿಗಳನ್ನು ಮೂಲೆಗೆ ಹತ್ತಿ ಕತ್ತರಿಸಿದರೆ ಅದರ ಕಾಲು ಕತ್ತರಿಸಿದಂತೆ. ಮೂಲೆಯಿಂದ ಎರಡೂ ಕಡೆ ನಾಲ್ಕು ಬೆರಳಗಲಕ್ಕಿಂತ ಹೆಚ್ಚು, ಹತ್ತು ಸೆಂ.ಮೀ. ಬಿಡಿ. ರಟ್ಟಿನೊಳಗಿನ ಅಲೆಗಳು ನೆಲದಿಂದ ಮೇಲಕ್ಕೆ ನಿಂತಿರಬೇಕು, ಬಾಕ್ಸನ್ನು ಅಡ್ಡ ಮಲಗಿಸಿದರೆ ಅಲೆಗಳೂ ಮಲಗಿ ಬಲ ಹೋಗುತ್ತದೆ. ಬುಡದ ಪಿನ್ನುಗಳನ್ನೆಲ್ಲ ಇಕ್ಕಳದಿಂದ ಕೀಳಿ, ಒಳಗಿನ ಥರ್ಮಾಕೋಲ್, ಪ್ಲಾಸ್ಟಿಕ್ ಚೀಲ ಹೊರಗೆ ಹಾಕಿ. ಕಟ್ಟರ್ ಕೆಲಸ ನಿಮ್ಮದೇ. ಒಂದೇ ಸಲಕ್ಕೆ ಒತ್ತದೆ ಸ್ಟೀಲ್ ಪಟ್ಟಿ ಹಿಡಿದು ಮೂರು ಸಲ ಹಗುರಾಗಿ ಎಳೆದರೆ ಬ್ಲೇಡ್ ಜಾರುವುದಿಲ್ಲ. ಎದುರುಬದುರು ಎರಡು ಕಿಟಕಿ ಇರಲಿ, ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯುವಂತಿರಲಿ, ಚಿಲಕ ಬೇಡ. ಒಳಗೆ ದೀಪ ಬೇಕೆಂದರೆ ಬ್ಯಾಟರಿಯದು, ಪಣತಿ ಅಲ್ಲ.

ದಪ್ಪ ರಟ್ಟನ್ನು ಶಂಕುವಾಗಿ ಸುತ್ತಲು ಹೋದರೆ ಮುರಿಯುತ್ತದೆ. ತಲೆಯ ಟೋಪಿಗೆ ಚಾರ್ಟ್ ಪೇಪರ್ ಸಾಕು. ಜವಳಿ ಅಂಗಡಿಯಲ್ಲಿ ಬಟ್ಟೆಯ ಥಾನು ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಎರಡು ಕೇಳಿ ತಂದರೆ ಎರಡು ಪಕ್ಕಕ್ಕೂ ಕಟ್ಟಬಹುದು. 2023ರ ಜುಲೈನಲ್ಲಿ ಚಂದ್ರಯಾನ-3 ಹೊತ್ತು ಹೋದ ಎಲ್‌ವಿಎಂ-3 ರಾಕೆಟ್ಟಿಗೂ ಹೀಗೆಯೇ ಪಕ್ಕದಲ್ಲಿ ಎರಡು ಬೂಸ್ಟರ್‌ಗಳು, ಅಂದರೆ ಮೇಲೇರಲು ಬಲ ಕೊಡುವ ಕೊಳವೆಗಳು, ಇದ್ದವು. ಬಣ್ಣ ಹಚ್ಚುವುದಾದರೆ ನೀರಿನ ಬಣ್ಣ, ಅದನ್ನೂ ಒಳಗೂ ಹೊರಗೂ ತೆಳ್ಳಗೆ. ಒಂದೇ ಬದಿಗೆ ಹಚ್ಚಿದರೆ ಆ ಬದಿಗೆ ರಟ್ಟು ಬಾಗುತ್ತದೆ. ಮೈದಾ ಅಂಟು ಕುದಿಸಿದರೆ ಹುಳ ಬೀಳದಿರಲೆಂದು ಕೆಲವರು ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳು ಕೈಯಾಡಿಸುವ ವಸ್ತುವಿಗೆ ಬೇಡ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಾಕ್ಸಿನೊಳಗೆ ಸೆಖೆ ಬೇಗ ಏರುತ್ತದೆ, ನೆರಳಿನಲ್ಲೇ ಇಡಿ. ನೆಲಕ್ಕೆ ತಾಗಿದ ರಟ್ಟನ್ನು ಗೆದ್ದಲು ಬಿಡುವುದಿಲ್ಲ, ಕೆಳಗೆ ಒಂದು ತಾಡಪತ್ರಿ ಹಾಸಿ. ಸಂಜೆ ಆಟ ಮುಗಿದ ಮೇಲೆ ಪಡಸಾಲೆಗೆ ಎತ್ತಿಡಿ. ಎಂದಾದರೂ ರಾತ್ರಿ ಹಿತ್ತಲಲ್ಲೇ ಉಳಿದರೆ ಬೆಳಿಗ್ಗೆ ಅವಳು ಒಳಗೆ ಕೂರುವ ಮೊದಲು ಬಾಕ್ಸನ್ನು ಓರೆ ಮಾಡಿ, ಬುಡದ ಮಡಿಕೆಗಳನ್ನು ಕೋಲಿನಿಂದ ತಟ್ಟಿ ನೋಡಿ. ತಂಪು ಕತ್ತಲೆ ಹುಡುಕುವ ಚೇಳು ಅಡಗುವುದು ಆ ಮಡಿಕೆಗಳಲ್ಲೇ.